ಮೀಟರಿನ ಲೆಕ್ಕ ಬೇರೆ, ಕಾಲಿನ ಲೆಕ್ಕ ಬೇರೆ: ಟೈಪ್ 1 ಶುಗರ್ ಜೊತೆ 200 ಕಿಲೋಮೀಟರ್ ಸೈಕಲ್

ಹೋದ ನವೆಂಬರಿನ ಒಂದು ಭಾನುವಾರ. ಮಧ್ಯಾಹ್ನ ಎರಡೂವರೆಗೆ ಪಿರಿಯಾಪಟ್ಟಣದ ಒಂದು ಬೇಕರಿ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದೆ. "ಕಾರು ತಗೊಂಡು ಬನ್ನಿ" ಅಂದೆ. ಅವರು ಬೇರೇನೂ ಕೇಳಲಿಲ್ಲ. "ಶುಗರ್ ಎಷ್ಟಿದೆ?" ಅಂದರು ಅಷ್ಟೆ. "71" ಅಂದೆ. "ತಿಂದ್ಯಾ?" "ತಿಂದೆ." "ಅಲ್ಲೇ ಇರು, ಎಲ್ಲೂ ಹೋಗಬೇಡ."

ಮೈಸೂರಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಸುಂಟಿಕೊಪ್ಪದಲ್ಲಿ ತಿರುಗಿ ವಾಪಸ್ ಬರುವ 200 ಕಿಲೋಮೀಟರ್ ಬ್ರೆವೆ ಅದು. ಬ್ರೆವೆ ಅಂದರೆ ರೇಸ್ ಅಲ್ಲ. ಗೆದ್ದವರು ಸೋತವರು ಅಂತ ಇರುವುದಿಲ್ಲ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ದಾರಿಯ ಕಂಟ್ರೋಲ್‌ಗಳಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಬೇಕು, ನಿಮ್ಮ ಸಾಮಾನು ನೀವೇ ಹೊರಬೇಕು. ಮನೆಯವರು ಕಾರಿನಲ್ಲಿ ಹಿಂದೆ ಬಂದು ನೀರು, ತಿಂಡಿ ಕೊಡುವ ಹಾಗಿಲ್ಲ. ಕಂಟ್ರೋಲ್‌ನಲ್ಲಿ ಮಾತ್ರ ಸಹಾಯ ಪಡೆಯಬಹುದು. ಶುಗರ್ ಇರುವವರಿಗೆ ಈ ನಿಯಮ ಸ್ವಲ್ಪ ಭಾರವೇ. ಆದರೆ ಅದನ್ನು ದೂರಿ ಪ್ರಯೋಜನವಿಲ್ಲ. ನಾನು ಸೋತಿದ್ದು ನಿಯಮದಿಂದಲ್ಲ, ನನ್ನದೇ ಲೆಕ್ಕದಿಂದ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆದ್ದರಿಂದ ಈ ಸೋಲು ಸ್ವಲ್ಪ ಜಾಸ್ತಿಯೇ ಉರಿಯಿತು.

ಮೊದಲು ಹಿನ್ನೆಲೆ. ವಯಸ್ಸು 41, ತೂಕ 58 ಕೆ.ಜಿ. ಹತ್ತೊಂಬತ್ತನೇ ವಯಸ್ಸಿಗೆ ಟೈಪ್ 1 ಬಂತು, ಅಂದರೆ ಮೈ ತಾನೇ ಇನ್ಸುಲಿನ್ ಮಾಡದ, ಹೊರಗಿನಿಂದಲೇ ಹಾಕಿಕೊಳ್ಳಬೇಕಾದ ಶುಗರ್. ರಾತ್ರಿ ಒಂದು ಸಲ ದೀರ್ಘ ಇನ್ಸುಲಿನ್ 16 ಯೂನಿಟ್. ಊಟ ತಿಂಡಿಗೆ ಬೇಗ ಕೆಲಸ ಮಾಡುವ ಇನ್ಸುಲಿನ್, 10 ಗ್ರಾಂ ಕಾರ್ಬಿಗೆ (ಇಡ್ಲಿ, ಅನ್ನ, ಸಕ್ಕರೆಯಲ್ಲಿರುವ ಕಾರ್ಬೊಹೈಡ್ರೇಟಿಗೆ) 1 ಯೂನಿಟ್. ಪಂಪ್ ಇಲ್ಲ, ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನೇ. ಆ ನವೆಂಬರಿನಲ್ಲಿ, ತೋಳಿಗೆ ಅಂಟಿಕೊಂಡು ಶುಗರನ್ನು ಸದಾ ತೋರಿಸುವ ಸೆನ್ಸರ್ ಕೂಡ ಹಾಕಿರಲಿಲ್ಲ. ಹದಿನಾಲ್ಕು ದಿನಕ್ಕೆ ಅಷ್ಟೊಂದು ದುಡ್ಡು ಯಾಕೆ, ಬೆರಳು ಚುಚ್ಚಿಕೊಂಡರೆ ಆಯಿತಲ್ಲ ಅನ್ನುವ ಜಿಪುಣತನ.

ಆ ದಿನ ಏನೇನಾಯಿತು

ಬೆಳಗ್ಗೆ ನಾಲ್ಕೂವರೆಗೆ ನಾಲ್ಕು ಇಡ್ಲಿ, ಚಟ್ನಿ, ಸಕ್ಕರೆ ಹಾಕಿದ ಕಾಫಿ. ಸುಮಾರು 60 ಗ್ರಾಂ ಕಾರ್ಬ್. ಪುಸ್ತಕದ ಲೆಕ್ಕದ ಹಾಗೆ 6 ಯೂನಿಟ್ ಚುಚ್ಚಿಕೊಂಡೆ. ಅದೂ ತೊಡೆಗೆ. ಆರು ಗಂಟೆಗೆ ಹೊರಟಾಗ ಮೀಟರ್ 132 ತೋರಿಸಿತು. ಎಷ್ಟು ಚೆಂದದ ಅಂಕಿ ಅಂತ ಖುಷಿಪಟ್ಟೆ.

ಖುಷಿಪಡಬಾರದಿತ್ತು. ಊಟದ ಇನ್ಸುಲಿನ್ ಹಾಕಿದ ಒಂದೆರಡು ಗಂಟೆಗೆ ಅದರ ಜೋರು ತುದಿ ಮುಟ್ಟುತ್ತದೆ, ಮೂರರಿಂದ ಐದು ಗಂಟೆ ಮೈಯಲ್ಲಿ ಇರುತ್ತದೆ. ನಾನು ಪೆಡಲ್ ತುಳಿಯಲು ಶುರು ಮಾಡಿದ್ದು ಸರಿಯಾಗಿ ಆ ತುದಿಯಲ್ಲಿ. ಜೊತೆಗೆ, ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯುವುದೇ ಇಲ್ಲ, ತಾನೇ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಅಂದರೆ ಒಂದೇ ಕೊಡಕ್ಕೆ ಎರಡು ತೂತು. ಶುಗರ್ ಇಲ್ಲದವರ ಮೈ ವ್ಯಾಯಾಮ ಶುರುವಾದ ಕೂಡಲೇ ಇನ್ಸುಲಿನ್ನನ್ನು ತಾನೇ ಇಳಿಸಿಬಿಡುತ್ತದೆ. ನಮ್ಮದು ಬಿಟ್ಟ ಬಾಣ, ವಾಪಸ್ ಕರೆಯಲು ಬರುವುದಿಲ್ಲ. ಇನ್ನು ತೊಡೆಗೆ ಚುಚ್ಚಿ ಅದೇ ತೊಡೆಯನ್ನು ದುಡಿಸಿದರೆ ಔಷಧಿ ಬೇಗ ರಕ್ತ ಸೇರುವ ಸಾಧ್ಯತೆ ಜಾಸ್ತಿ. ಈಗ ಸೈಕಲ್ ದಿನ ಹೊಟ್ಟೆಗೇ ಹಾಕುತ್ತೇನೆ.

ಏಳು ಇಪ್ಪತ್ತೈದಕ್ಕೆ ಬಿಳಿಕೆರೆ ಹತ್ತಿರ ಕೈ ನಡುಗಿತು. 66. ಗಾಬರಿಯಲ್ಲಿ ಜೇಬಿನಲ್ಲಿದ್ದ ಕಡಲೆಮಿಠಾಯಿ ತಿಂದೆ. ಐದು ನಿಮಿಷ ಕಾದೆ, ನಡುಕ ಹೋಗಲಿಲ್ಲ. ಇನ್ನೊಂದು ಮಿಠಾಯಿ. ಆಮೇಲೆ ಖರ್ಜೂರ. ಆಮೇಲೆ ಪಚ್ಚಬಾಳೆ. ನಡುಕ ನಿಂತಾಗ ಸುಮಾರು 75 ಗ್ರಾಂ ಕಾರ್ಬ್ ಹೊಟ್ಟೆಯಲ್ಲಿತ್ತು. ಬೇಕಾಗಿದ್ದದ್ದು 15 ಗ್ರಾಂ.

ಇಲ್ಲಿ ತಪ್ಪು ಭಯದ್ದಷ್ಟೇ ಅಲ್ಲ, ಕಡಲೆಮಿಠಾಯಿಯದೂ ಹೌದು. ಅದರಲ್ಲಿ ಬೆಲ್ಲ ಇದೆ ನಿಜ. ಆದರೆ ಕಡಲೆಬೀಜದ ಎಣ್ಣೆಯೂ ಇದೆ. ಎಣ್ಣೆ ಅಂಶ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಲೋ ಆದಾಗ, ಅಂದರೆ ಶುಗರ್ ತೀರಾ ಇಳಿದಾಗ, ಅದನ್ನು ತಿಂದರೆ ಬೆಂಕಿ ಆರಿಸಲು ಲೋಟದಲ್ಲಿ ನೀರು ತಂದ ಹಾಗೆ. ಚಾಕೊಲೇಟಿನ ಕಥೆಯೂ ಇದೇ. ಲೋ ಆದವರಿಗೆ ಬರೀ ಗ್ಲೂಕೋಸ್ ಪುಡಿ ಬೇಕು, ಇಲ್ಲವೇ ನೀರಿಗೆ ಹಾಕಿದ ಸಕ್ಕರೆ. 15 ಗ್ರಾಂ ತಗೊಂಡು 15 ನಿಮಿಷ ಕಾಯಬೇಕು. ಈ ಕಾಯುವುದೇ ಕಷ್ಟ. ಲೋ ಆದಾಗ ತಲೆಯಲ್ಲಿ ಕೂತಿರುವುದು ನಾವಲ್ಲ, ಹಸಿದ ಯಾವುದೋ ಪ್ರಾಣಿ.

ಒಂಬತ್ತು ನಲವತ್ತಕ್ಕೆ ಪಿರಿಯಾಪಟ್ಟಣ. ಮೀಟರ್ 290.

ತಿಂಗಳುಗಟ್ಟಲೆ ಆಮೇಲೆ ತಲೆ ಕೆಡಿಸಿಕೊಂಡದ್ದು ಈ ಅಂಕಿಯ ಬಗ್ಗೆ. 75 ಗ್ರಾಂ ತಿಂದಿದ್ದೆ, ಏರಿರಲೇಬೇಕು. ಆದರೆ ಗೆಳತಿಯೊಬ್ಬಳು ತೆಗೆದ ಫೋಟೋ ಒಂದಿದೆ. ಅದರಲ್ಲಿ ನಾನು ಬೆರಳು ಚುಚ್ಚಿಕೊಳ್ಳುತ್ತಿದ್ದೇನೆ, ಪಕ್ಕದಲ್ಲಿ ಅರ್ಧ ಸುಲಿದ ಬಾಳೆಹಣ್ಣು. ಕೈ ತೊಳೆದಿರಲಿಲ್ಲ. ಬೆರಳಿಗೆ ಹಣ್ಣಿನ ಅಂಟು, ಬೆಲ್ಲದ ಅಂಟು ಇದ್ದರೆ ಅದೂ ಮೀಟರಿನ ಪಟ್ಟಿಯ ಮೇಲೆ ಹೋಗಿ ಸುಳ್ಳು ಏರಿಕೆ ತೋರಿಸುತ್ತದೆ. ಆ 290ರಲ್ಲಿ ನನ್ನ ರಕ್ತದ್ದೆಷ್ಟು, ಬಾಳೆಹಣ್ಣಿನದೆಷ್ಟು? ದೇವರಿಗೇ ಗೊತ್ತು. ನಾನು ಮಾತ್ರ ಅದನ್ನು ಪೂರ್ತಿ ನಂಬಿದೆ. ನನಗೆ 1 ಯೂನಿಟ್ ಸುಮಾರು 50 ಇಳಿಸುತ್ತದೆ. 290ರಿಂದ 120ಕ್ಕೆ ಬರಲು 3.4. ರೌಂಡ್ ಮಾಡಿ 4 ಯೂನಿಟ್ ಹಾಕಿಕೊಂಡೆ.

ಆ 50 ಅನ್ನುವುದು ಮನೆಯಲ್ಲಿ ಕೂತಾಗಿನ ಲೆಕ್ಕ. ಎಪ್ಪತ್ತು ಕಿಲೋಮೀಟರ್ ತುಳಿದ ಮೈಗೆ ಅದೇ 1 ಯೂನಿಟ್ ಎಷ್ಟೋ ಜಾಸ್ತಿ ಇಳಿಸುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.

ಇನ್ನೊಂದು ಮಾಡಿದೆ. ಶುಗರ್ ಜಾಸ್ತಿ ಇದೆಯಲ್ಲ ಅಂತ ತಿನ್ನುವುದನ್ನು ಪೂರ್ತಿ ನಿಲ್ಲಿಸಿದೆ. ಮುಂದಿನ ಮೂರು ಗಂಟೆ ಬರೀ ಓಆರ್‌ಎಸ್ ಕುಡಿದೆ. ಅದರಲ್ಲಿ ಶಕ್ತಿ ಇದೆ ಅನ್ನುವುದು ನಮ್ಮ ಸೈಕಲ್ ಬಳಗದಲ್ಲಿ ಬಹಳ ಜನರ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಇರುವ ಗ್ಲೂಕೋಸ್ 13.5 ಗ್ರಾಂ. ಒಂದು ಬಾಳೆಹಣ್ಣಿನ ಅರ್ಧ. ಅದು ಭೇದಿಯಾದವರ ಮೈಗೆ ಉಪ್ಪು, ನೀರು ಸೇರಿಸಲು ಮಾಡಿದ ಔಷಧಿ, ಕಾಲಿಗೆ ಊಟ ಅಲ್ಲ.

ಹನ್ನೊಂದು ಐವತ್ತಕ್ಕೆ ಸುಂಟಿಕೊಪ್ಪ. ಮೀಟರ್ 118. ಮುದ್ರೆ ಹಾಕಿಸಿಕೊಂಡು, ಎಲ್ಲರಿಗೂ ಆ ಅಂಕಿ ತೋರಿಸಿ ಬೀಗಿದೆ. ಮೀಟರ್ ಅಂಕಿ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ಮೆಟ್ಟಿಲ ಮೇಲೆ ನಿಂತವರನ್ನೂ ಮೆಟ್ಟಿಲಿನಿಂದ ಬೀಳುತ್ತಿರುವವರನ್ನೂ ಫೋಟೋ ತೆಗೆದರೆ ಒಂದೇ ಥರ ಕಾಣಬಹುದು, ಅಲ್ವಾ?

ಇಳಿಜಾರು ಮುಗಿದು ಕುಶಾಲನಗರ ದಾಟಿದ ಮೇಲೆ ಬೈಲುಕುಪ್ಪೆಯ ಹತ್ತಿರ ಒಂದು ಬೋರ್ಡು ಓದಲು ಆಗಲಿಲ್ಲ. ಟಿಬೆಟನ್ ಅಕ್ಷರ ಇರಬೇಕು ಅಂದುಕೊಂಡೆ. ಅದು ಕನ್ನಡದ್ದೇ. ಹಿಂದೆ ಬರುತ್ತಿದ್ದ ಹುಡುಗ "ಅಕ್ಕಾ, ಅಕ್ಕಾ, ಸೈಡಿಗೆ ಬನ್ನಿ" ಅಂತ ಕೂಗಿದ್ದು ಯಾರಿಗೋ ಅನ್ನಿಸಿತು. ಅವನೇ ಸೈಕಲ್ ಹಿಡಿದು ನಿಲ್ಲಿಸಿದ. 54. ಟೀ ಅಂಗಡಿಯವರು ನೀರಿಗೆ ಆರು ಚಮಚ ಸಕ್ಕರೆ ಕಲಸಿಕೊಟ್ಟರು. ನಲವತ್ತು ನಿಮಿಷದಲ್ಲಿ 110 ಆಯಿತು. ಹತ್ತಿ ಹೊರಟೆ. ಶುಗರ್ ಸರಿ ಇತ್ತು, ಕಾಲಲ್ಲಿ ಮಾತ್ರ ಏನೂ ಇರಲಿಲ್ಲ. ಸಣ್ಣ ಏರಿಗೂ ಇಳಿದು ತಳ್ಳಿದೆ. ಮುಂದಿನದು ಬೇಕರಿ, ಕಲ್ಲುಬೆಂಚು, 71.

ಕಥೆ ಅಲ್ಲಿಗೂ ಮುಗಿಯಲಿಲ್ಲ. ರಾತ್ರಿ ಎರಡೂವರೆಗೆ ಬೆವರಿ ಎದ್ದೆ. 49. ದೊಡ್ಡ ವ್ಯಾಯಾಮದ ಆರರಿಂದ ಹದಿನೈದು ಗಂಟೆಯ ಮೇಲೂ ಶುಗರ್ ಇಳಿಯಬಹುದು. ಖಾಲಿಯಾದ ಸ್ನಾಯು ಉಗ್ರಾಣ ತುಂಬಿಸಿಕೊಳ್ಳುತ್ತಾ ಇರುತ್ತದೆ. ನಾನೋ ಮಾಮೂಲಿನಂತೆ 16 ಯೂನಿಟ್ ಹಾಕಿಕೊಂಡು ಮಲಗಿದ್ದೆ.

ಡಾಕ್ಟರ ಮುಂದೆ

"ಏನ್ ಟೀಚರ್, ಲೆಕ್ಕದಲ್ಲಿ ನೀವೇ ಫೇಲಾ?" ಅಂದರು. ಆಮೇಲೆ ನನ್ನ ಚೀಟಿ ನೋಡಿ ಒಂದು ಪ್ರಶ್ನೆ ಕೇಳಿದರು. "ಇಡೀ ದಿನದಲ್ಲಿ ಒಂದು ಸಲನಾದ್ರೂ ಸೈಕಲ್ ತುಳಿಯೋಕೆ ಅಂತ ತಿಂದ್ರಾ?"

ನೆನಪು ಮಾಡಿಕೊಂಡೆ. ಇಲ್ಲ. ಲೋ ಆದಾಗ ತಿಂದೆ, ಹೈ ಆದಾಗ ನಿಲ್ಲಿಸಿದೆ. ಮೀಟರಿಗೆ ಊಟ ಹಾಕಿದ್ದೆ, ಕಾಲಿಗೆ ಹಾಕಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಅದು. ನಮಗೆ ಸಿಹಿ ಅಂದರೆ ಲೋ ಆದಾಗಿನ ಔಷಧಿ, ಉಳಿದ ಹೊತ್ತು ಕಳ್ಳಮಾಲು.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ತೂಕದ ಹೆಂಗಸಿನ ಮೈಯಲ್ಲಿ ನಾಲ್ಕು ಲೀಟರಿಗೆ ಸ್ವಲ್ಪ ಕಮ್ಮಿ ರಕ್ತ ಇರುತ್ತದೆ. ಶುಗರ್ 100 ಇದ್ದಾಗ ಆ ಇಡೀ ರಕ್ತದಲ್ಲಿರುವ ಗ್ಲೂಕೋಸ್ ನಾಲ್ಕು ಗ್ರಾಂ. ಒಂದು ಟೀ ಚಮಚ! 290 ಇದ್ದಾಗ ಹನ್ನೊಂದು ಗ್ರಾಂ. ಜೀವಕೋಶಗಳ ನಡುವಿನ ನೀರನ್ನೂ ಸೇರಿಸಿದರೆ ಸುಮಾರು ಮೂವತ್ತು ಗ್ರಾಂ ಆಗಬಹುದು. ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್ ವೇಗದಲ್ಲಿ ನನಗೆ ಸುಮಾರು 400 ಕ್ಯಾಲೊರಿ ಬೇಕು. ಅದರ ಅರ್ಧ ಕಾರ್ಬಿನಿಂದ ಬಂದರೂ ಗಂಟೆಗೆ 50 ಗ್ರಾಂ. ಅಂದರೆ ಭಯಂಕರ ಅನ್ನಿಸಿದ ಆ 290ರ ಸಕ್ಕರೆಯೆಲ್ಲ ಸೇರಿದರೂ ಮುಕ್ಕಾಲು ಗಂಟೆಯ ದಾರಿಗೆ ಸಾಲದು. ಕಾಲಿನ ಉಗ್ರಾಣ ಬೇರೆಯೇ ಇದೆ. ಸ್ನಾಯುವಿನಲ್ಲಿ ಮುನ್ನೂರು ನಾನೂರು ಗ್ರಾಂ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್), ಲಿವರಿನಲ್ಲಿ ನೂರರ ಆಸುಪಾಸು. ಅದು ಖಾಲಿಯಾಗುವುದನ್ನು ಯಾವ ಮೀಟರೂ ತೋರಿಸುವುದಿಲ್ಲ.

ಇದು ಹೊಸ ಸಂಗತಿಯೇನಲ್ಲ. 1924ರ ಬಾಸ್ಟನ್ ಮ್ಯಾರಥಾನಿನಲ್ಲಿ ಅಲ್ಲಿನ ವೈದ್ಯರು ಓಟ ಮುಗಿಸಿದವರ ರಕ್ತ ಪರೀಕ್ಷೆ ಮಾಡಿದರು. ತೀರಾ ಸುಸ್ತಾಗಿ ಬಂದವರ ಶುಗರ್ ಬಹಳ ಇಳಿದಿತ್ತು. ಮರುವರ್ಷ ಓಟಗಾರರಿಗೆ ಹಿಂದಿನ ದಿನ ಹೆಚ್ಚು ಕಾರ್ಬ್ ತಿನ್ನಿಸಿ, ಓಟದ ನಡುವೆ ಮಿಠಾಯಿ ಕೊಟ್ಟರು. ಆಗ ಶುಗರ್ ಇಳಿಯಲಿಲ್ಲ, ಜನ ಚೆನ್ನಾಗಿಯೇ ಬಂದು ಮುಟ್ಟಿದರು. ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ನನ್ನ ಎರಡು ಜೇಬಿನಲ್ಲಿ ಇರುವ ಎರಡು ವಿದ್ಯೆ, ಮಿಠಾಯಿ ಮತ್ತು ಪೆನ್, ಹೆಚ್ಚು ಕಮ್ಮಿ ಓರಗೆಯವು.

ಡಾಕ್ಟರು ಬ್ರಿಟನ್ನಿನ ದೋಣಿ ಓಟಗಾರ ಸ್ಟೀವ್ ರೆಡ್‌ಗ್ರೇವ್ ಕಥೆ ಹೇಳಿದರು. ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದಾದ ಮೇಲೆ, 1997ರಲ್ಲಿ ಅವರಿಗೆ ಮಧುಮೇಹ ಇದೆ ಅಂತ ಗೊತ್ತಾಯಿತು. ಮೊದಲು ಎಲ್ಲರ ಹಾಗೆ ಸಿಹಿ ಬಿಟ್ಟರು. ಶುಗರ್ ಹಿಡಿತಕ್ಕೆ ಬಂತು, ತೋಳಿನ ಬಲ ಹೋಯಿತು. ಆಮೇಲೆ ಲೆಕ್ಕವನ್ನು ತಿರುಗಿಸಿದರು. ಅಭ್ಯಾಸಕ್ಕೆ ಬೇಕಾದಷ್ಟು, ದಿನಕ್ಕೆ ಆರು ಸಾವಿರ ಕ್ಯಾಲೊರಿಯ ಆಸುಪಾಸು ತಿನ್ನುವುದು, ಇನ್ಸುಲಿನ್ನನ್ನು ಅದಕ್ಕೆ ಹೊಂದಿಸುವುದು. 2000ದಲ್ಲಿ ಸಿಡ್ನಿಯಲ್ಲಿ ಐದನೇ ಚಿನ್ನ ಬಂತು. ಊಟವನ್ನು ಇನ್ಸುಲಿನ್ನಿಗೆ ತಕ್ಕಂತೆ ಕತ್ತರಿಸಲಿಲ್ಲ, ಇನ್ಸುಲಿನ್ನನ್ನು ಊಟಕ್ಕೆ ತಕ್ಕಂತೆ ಹೊಲಿದರು.

ನಮ್ಮದೂ ಅದೇ ದಾರಿ, ಸಣ್ಣ ಪ್ರಮಾಣದಲ್ಲಿ. ಎಲ್ಲ ಸವಾರರ ಹಾಗೆ ಗಡಿಯಾರ ನೋಡಿ ತಿನ್ನುವುದು. ಆ ತಿನಿಸಿಗೆ ಜಾಗ ಆಗುವ ಹಾಗೆ ಇನ್ಸುಲಿನ್ ಇಳಿಸುವುದು.

ಭಾನುವಾರದ ಪ್ರಯೋಗಗಳು

ಸೆನ್ಸರ್ ಹಾಕಿಸಿಕೊಂಡೆ. ಆರು ಭಾನುವಾರ, ಒಂದು ಸಲಕ್ಕೆ ಒಂದೇ ಬದಲಾವಣೆ. ಮಕ್ಕಳಿಗೆ ಸಮೀಕರಣ ಬಿಡಿಸುವಾಗ ಹೇಳುವುದು ಇದನ್ನೇ: ಎರಡು ಅಕ್ಷರ ಒಟ್ಟಿಗೆ ಬದಲಾಯಿಸಿದರೆ ಉತ್ತರ ಯಾವುದರಿಂದ ಬಂತು ಗೊತ್ತಾಗಲ್ಲ.

ಮೊದಲು ತಿಂಡಿಯ ಡೋಸ್. ಹೊರಡುವ ಮೂರು ಗಂಟೆ ಮುಂಚಿನ ಊಟಕ್ಕೆ ಇನ್ಸುಲಿನ್ನನ್ನು ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೂ ಇಳಿಸುವ ಪದ್ಧತಿ ಇದೆ. ನನಗೆ ಅರ್ಧ ಹೊಂದಿತು. ಒಂದು ಭಾನುವಾರ ಅತಿ ಬುದ್ಧಿವಂತಿಕೆಯಿಂದ ಪೂರ್ತಿ ಬಿಟ್ಟು ನೋಡಿದೆ. ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ 310, ಬಾಯಿ ಒಣಗಿತು, ಹೊಟ್ಟೆ ತೊಳಸಿತು. ಮನೆಗೆ ಬಂದು ಕೀಟೋನ್ ನೋಡಿದರೆ 0.9. ಡಾಕ್ಟರು ಫೋನಿನಲ್ಲೇ ಬೈದರು. ಇನ್ಸುಲಿನ್ ತೀರಾ ಕಮ್ಮಿಯಾದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈ ಕೊಬ್ಬು ಸುಟ್ಟು ಕೀಟೋನ್ ಏರಿಸುತ್ತದೆ. ಅದು 1.5 ದಾಟಿದರೆ ವ್ಯಾಯಾಮದ ಮಾತೇ ಇಲ್ಲ. ಲೋ ಆಗುವುದಕ್ಕೆ ಹೆದರುವವರು ಈ ಇನ್ನೊಂದು ಬದಿಯ ಹಳ್ಳವನ್ನು ಮರೆತುಬಿಡುತ್ತಾರೆ.

ರಾತ್ರಿಯ ದೀರ್ಘ ಇನ್ಸುಲಿನ್ ಎರಡು ದಿನದ ಹತ್ತಿರ ಮೈಯಲ್ಲಿರುವ ಜಾತಿಯದು. ಹಿಂದಿನ ರಾತ್ರಿ ಮಾತ್ರ ಇಳಿಸಿದರೆ ಪೂರ್ತಿ ಪರಿಣಾಮ ಕಾಣುವುದಿಲ್ಲ. ಅದಕ್ಕೆ ಎರಡು ರಾತ್ರಿ ಮುಂಚಿನಿಂದ 16 ಇದ್ದದ್ದನ್ನು 13ಕ್ಕೆ ತಂದೆವು.

ಇನ್ನು ತಿನಿಸು. ಇದೇ ನನಗೆ ಅತಿ ಇಷ್ಟದ ಭಾಗ. ಸೈಕಲ್ ಅಂಗಡಿಯ ಜೆಲ್ ಕೊಂಡು ನೋಡಿದೆ. ಬೆಲೆ ನೋಡಿದರೆ ಶುಗರ್ ತಾನೇ ಇಳಿಯುತ್ತದೆ. ಕೊನೆಗೆ ನಿಂತದ್ದು ಪಾನಕ. ಅರ್ಧ ಲೀಟರ್ ನೀರು, 40 ಗ್ರಾಂ ಸಕ್ಕರೆ, ನಿಂಬೆಹುಳಿ, ಎರಡು ಚಿಟಿಕೆ ಉಪ್ಪು. ಇದು ಶೇಕಡ 8ರ ದ್ರಾವಣ. ಇದಕ್ಕಿಂತ ಗಟ್ಟಿ ಮಾಡಿದರೆ ಹೊಟ್ಟೆಯಲ್ಲಿ ಕುಲುಕುತ್ತದೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಕರುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಬಾಗಿಲು. ಬರೀ ಗ್ಲೂಕೋಸ್ ಆದರೆ ಗಂಟೆಗೆ 60 ಗ್ರಾಂ ಹೊತ್ತಿಗೆ ಬಾಗಿಲಲ್ಲಿ ನೂಕುನುಗ್ಗಲು. ಎರಡೂ ಸೇರಿದರೆ, ಅಭ್ಯಾಸ ಇದ್ದವರು 90ರವರೆಗೂ ಹೋಗುತ್ತಾರೆ. ನನಗೆ 45 ಸಾಕಾಯಿತು. ರಾಮನವಮಿಯ ಬೆಲ್ಲದ ಪಾನಕವೂ ಇದೇ ಲೆಕ್ಕದ್ದು, ಏಲಕ್ಕಿ ಪರಿಮಳ ಬೋನಸ್. ಬಿಸಿಲಲ್ಲಿ ಬೀದಿಯಲ್ಲಿ ನಿಂತು ಪಾನಕ ಹಂಚುವವರು ಸುಮ್ನೆ ಹಂಚುತ್ತಿರಲಿಲ್ಲ ಅನ್ನಿಸುತ್ತದೆ.

ಗಟ್ಟಿ ತಿನಿಸಿಗೆ ಏಲಕ್ಕಿ ಬಾಳೆ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಬಾಳೆಲೆಯಲ್ಲಿ ಸುತ್ತಿದ ಪುಟ್ಟ ಇಡ್ಲಿ. ಮುದ್ದೆ ಬಗ್ಗೆ ಕೇಳುವವರಿದ್ದಾರೆ. ಮಾಮೂಲಿ ದಿನ ನಾನೂ ಮುದ್ದೆಯವಳೇ. ಆದರೆ ನಾರು ಜಾಸ್ತಿ ಇರುವ, ನಿಧಾನ ಕರಗುವ ಊಟ ಸವಾರಿಯ ಮಧ್ಯೆ ಹೊಟ್ಟೆಗೆ ಹೊರೆ. ಹೊಲದ ಕೆಲಸಕ್ಕೆ ಸರಿ ಇದ್ದದ್ದು ಸೈಕಲ್ ಸೀಟಿಗೆ ಸರಿಯಾಗಬೇಕು ಅಂತ ಇಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಸೋಡಿಯಂ ಕಮ್ಮಿ.

ನೀರಿನ ವಿಷಯದಲ್ಲೂ ಅತಿ ಬೇಡ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆ ಮಾಡಿದ 488 ಓಟಗಾರರಲ್ಲಿ ಶೇಕಡ 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. ಮುಖ್ಯ ಕಾರಣ ಮಿತಿಮೀರಿ ಕುಡಿದದ್ದು. ನನ್ನ ಮೊದಲ ಸವಾರಿಯಲ್ಲಿ "ಕುಡೀರಿ, ಕುಡೀರಿ" ಅಂತ ಎಲ್ಲರೂ ಹೇಳಿದ್ದರು. ಬಾಯಾರಿದಾಗ ಕುಡಿದರೆ ಸಾಕು.

ಎರಡನೇ ಸಲ

ಫೆಬ್ರವರಿ. ಅದೇ ದಾರಿ. ಮೂರು ಗಂಟೆಗೆ ಎದ್ದು ಮೂರು ಇಡ್ಲಿ, ಒಂದು ಬಾಳೆಹಣ್ಣು, 55 ಗ್ರಾಂ. ಹೊಟ್ಟೆಗೆ 3 ಯೂನಿಟ್. "ಈ ಹೊತ್ತಲ್ಲಿ ದೆವ್ವನೂ ಇಡ್ಲಿ ತಿನ್ನಲ್ಲ" ಅಂತ ಗಂಡ ಹಾಸಿಗೆಯಿಂದಲೇ ಗೊಣಗಿದರು. ಆರು ಗಂಟೆಗೆ 168. ಮೊದಲಾಗಿದ್ದರೆ ಜಾಸ್ತಿ ಅನ್ನುತ್ತಿದ್ದೆ. ಹೊರಡುವಾಗ 90ರಿಂದ 250ರ ನಡುವೆ ಇದ್ದರೆ ಸಾಮಾನ್ಯವಾಗಿ ಹೊರಡಬಹುದು. ನನಗೆ 150 ದಾಟಿದ್ದರೆ ನೆಮ್ಮದಿ.

ಆರು ಇಪ್ಪತ್ತಕ್ಕೆ ಮೊದಲ ತುತ್ತು. ಹಸಿವೂ ಇಲ್ಲ, ಲೋ ಕೂಡ ಇಲ್ಲ, ಸುಮ್ನೆ ತಿಂದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಫೋನ್ ಗುಂಯ್ ಅನ್ನುತ್ತಿತ್ತು, 15 ಗ್ರಾಂ ಒಳಗೆ ಹೋಗುತ್ತಿತ್ತು. ಹುಣಸೂರಿನ ಹೋಟೆಲಿನಲ್ಲಿ ನೀರು ತುಂಬಿಸಿಕೊಳ್ಳುವಾಗ ತೋಳಿನ ಸೆನ್ಸರ್ ನೋಡಿ ಒಬ್ಬ ಹಿರಿಯರು ಏನದು ಅಂತ ಕೇಳಿದರು. ಹೇಳಿದೆ. "ಶುಗರ್ ಇಟ್ಕೊಂಡು ಪಾನಕ ಕುಡೀತೀಯೇನಮ್ಮಾ? ನಮ್ಮನೇಲಿ ನನಗೆ ಬಾಳೆಹಣ್ಣೂ ಕೊಡಲ್ಲ." ಅವರಿಗೆ ಏನು ಉತ್ತರ ಹೇಳಲಿ? "ನಾನು ಮಡಿಕೇರಿ ಕಡೆಗೆ ಸೈಕಲ್ಲಲ್ಲಿ ಹೋಗ್ತಿದೀನಿ ಯಜಮಾನ್ರೇ" ಅಂದೆ. "ಹಾಗಾದ್ರೆ ಕುಡಿ" ಅಂದರು. ಇಡೀ ವಿಜ್ಞಾನವನ್ನು ಎರಡು ಪದದಲ್ಲಿ ಮುಗಿಸಿದರು.

ಪಿರಿಯಾಪಟ್ಟಣ 151. ಕುಶಾಲನಗರ 139. ಅಲ್ಲಿಂದ ಸುಂಟಿಕೊಪ್ಪದ ಏರಿನಲ್ಲಿ ಒಂದು ಪರೀಕ್ಷೆ ಕಾದಿತ್ತು. ಉಸಿರು ಕಟ್ಟುವ ಹಾಗೆ ತುಳಿದಾಗ ಅಡ್ರಿನಲಿನ್ ಲಿವರಿನ ಬಾಗಿಲು ತೆಗೆದು ಸಕ್ಕರೆ ಹೊರಗೆ ಬಿಡುತ್ತದೆ. ಸೆನ್ಸರ್ 196, ಬಾಣ ಮೇಲಕ್ಕೆ. ಕೈ ತಾನಾಗಿ ಪೆನ್ನಿನ ಜೇಬಿಗೆ ಹೋಯಿತು. ವಾಪಸ್ ತೆಗೆದೆ. ಅರ್ಧ ಗಂಟೆಯಲ್ಲಿ ಅದೇ ಇಳಿಯಿತು. ಆ ಇಡೀ ದಿನ ನಾನು ಮಾಡಿದ ಅತಿ ಕಷ್ಟದ ಕೆಲಸ ಏರು ಹತ್ತಿದ್ದಲ್ಲ, ಏನೂ ಮಾಡದೆ ಕೂತದ್ದು.

ಸುಂಟಿಕೊಪ್ಪದಲ್ಲಿ ಡಬ್ಬಿಯ ಮೊಸರನ್ನ, 48 ಗ್ರಾಂ. ಅರ್ಧ ಗಂಟೆ ಕೂರುವುದರಿಂದ 1 ಯೂನಿಟ್ ಹಾಕಿದೆ. ಮನೆಯಲ್ಲಾಗಿದ್ದರೆ 5 ಹಾಕುತ್ತಿದ್ದೆ.

ಮಧ್ಯಾಹ್ನ ಎರಡರ ಮೇಲೆ ಪಾನಕ ಕಂಡರೆ ವಾಕರಿಕೆ. ಇದನ್ನು ಯಾವ ಪಟ್ಟಿಯೂ ಹೇಳಿರಲಿಲ್ಲ. ಎಂಟು ಗಂಟೆ ಸಿಹಿ ತಿಂದ ನಾಲಿಗೆ ಮುಷ್ಕರ ಹೂಡಿತು. ಉಪ್ಪು ಆಲೂಗಡ್ಡೆ, ಬೆರಳ ತುದಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ, ಆಮೇಲೆ ಮತ್ತೆ ಪಾನಕ. ಮುಂದಿನ ಸಲ ಖಾರದ ಅವಲಕ್ಕಿ ಒಯ್ಯಬೇಕು ಅಂತ ಗುರುತು ಹಾಕಿಕೊಂಡೆ.

ಆ ಮುಷ್ಕರದ ದಂಡ ಮೂರು ನಲವತ್ತಕ್ಕೆ ಬಂತು. ಎರಡು ತುತ್ತು ತಪ್ಪಿಸಿದ್ದೆ. ಹುಣಸೂರಿನ ಮುಂಚೆ ಸೆನ್ಸರ್ 74, ಬಾಣ ಕೆಳಕ್ಕೆ. ಸೆನ್ಸರ್ ನೋಡುವುದು ಚರ್ಮದಡಿಯ ನೀರನ್ನು, ರಕ್ತವನ್ನಲ್ಲ. ಶುಗರ್ ಜಾರುವಾಗ ಅದು ಹತ್ತು ನಿಮಿಷದ ಆಸುಪಾಸು ಹಿಂದೆ ಇರುತ್ತದೆ. ಕೈ ತೊಳೆದು (ಹೌದು, ತೊಳೆದು) ಬೆರಳು ಚುಚ್ಚಿದೆ, 65. ಮನೆಯಲ್ಲೇ 15 ಗ್ರಾಂ ಅಳೆದು ಕಟ್ಟಿಟ್ಟ ಗ್ಲೂಕೋಸ್ ಪುಡಿಯ ಪೊಟ್ಟಣ ಒಂದೇ ಒಂದು. ಉಳಿದವನ್ನು ಬೇಕೆಂದೇ ಹಿಂದಿನ ಚೀಲದ ತಳದಲ್ಲಿ ಇಟ್ಟಿದ್ದೆ, ಕೈಗೆ ಬೇಗ ಸಿಗಬಾರದು ಅಂತ. ಹದಿನೈದು ನಿಮಿಷ ಹುಣಸೆಮರದ ಕೆಳಗೆ ನಿಂತೆ. 84. ಇನ್ನೊಂದು ಬಾಳೆಹಣ್ಣು, ಹೊರಟೆ.

ಐದು ಐವತ್ತಕ್ಕೆ ಮೈಸೂರು. ಹನ್ನೊಂದು ಗಂಟೆ ಐವತ್ತು ನಿಮಿಷ. ಶುಗರ್ 143.

ರಾತ್ರಿ ಲೆಕ್ಕ ಬರೆದೆ. ಮಾಮೂಲಿ ದಿನ ನಾನು 200 ಗ್ರಾಂ ಕಾರ್ಬ್ ತಿಂದು ಒಟ್ಟು 36 ಯೂನಿಟ್ ಹಾಕಿಕೊಳ್ಳುತ್ತೇನೆ. ಆ ದಿನ ತಿಂದದ್ದು ಸುಮಾರು 650 ಗ್ರಾಂ, ಹಾಕಿದ್ದು 20 ಯೂನಿಟ್. ಕ್ಲಾಸಿನಲ್ಲಿ ಯಾರಾದರೂ ಈ ಉತ್ತರ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ರಾತ್ರಿ ಊಟಕ್ಕೆ ಅರ್ಧ ಡೋಸ್, ಮತ್ತೆ 13 ಯೂನಿಟ್, ಸೆನ್ಸರಿನ ಅಲಾರಂ 80ಕ್ಕೆ. ಆದರೂ ಒಂದೂ ಐವತ್ತಕ್ಕೆ ಅದು ಹೊಡೆದುಕೊಂಡಿತು, 78. ಒಂದು ಲೋಟ ಹಾಲು ಕುಡಿದು ಮಲಗಿದೆ. ರಾತ್ರಿಯ ಲೆಕ್ಕ ಇನ್ನೂ ಬಿಡಿಸಲು ಆಗಿಲ್ಲ.

ಈ ಅಂಕಿಗಳನ್ನು ಓದಿ ಯಾರೂ ಹಾಗೇ ಇಳಿಸಿಕೊಳ್ಳಬೇಡಿ. ಇದು ನನ್ನ ಅಳತೆಗೆ ಹೊಲಿದ ರವಿಕೆ. ನಮ್ಮ ಬಳಗದಲ್ಲಿ ಟೈಪ್ 2 ಇರುವ ಇಬ್ಬರಿದ್ದಾರೆ. ಒಬ್ಬರು ಮೆಟ್‌ಫಾರ್ಮಿನ್ ಮಾತ್ರ ತಗೊಳ್ಳುತ್ತಾರೆ. ಅದೊಂದರಿಂದಲೇ ಲೋ ಆಗುವುದು ಅಪರೂಪ, ಅವರಿಗೆ ನನ್ನಷ್ಟು ಭಯ ಬೇಕಿಲ್ಲ. ಇನ್ನೊಬ್ಬರದು ಗ್ಲಿಮೆಪಿರೈಡ್. ಅದು ಇನ್ಸುಲಿನ್ ಸುರಿಸುವ ಮಾತ್ರೆ, ಅವರು ಎಚ್ಚರ ತಪ್ಪುವ ಹಾಗಿಲ್ಲ. ಹೆಸರು ಎಲ್ಲದಕ್ಕೂ ಶುಗರ್ರೇ, ಮಾತ್ರೆ ಬದಲಾದರೆ ಲೆಕ್ಕವೂ ಬದಲು. ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಇನ್ನೊಬ್ಬರ ಸಹಾಯ ಬೇಕಾಗುವಷ್ಟು ಜೋರಾಗಿ ಲೋ ಆಗಿದ್ದರೆ ಮಾತ್ರ, ಯಾವ ಜಾತಿಯ ಶುಗರ್ ಇದ್ದರೂ, ಆ ದಿನ ಸೈಕಲ್ ಮುಟ್ಟಬಾರದು.

ಮುಂದಿನದು 300. ಇಪ್ಪತ್ತು ಗಂಟೆ ಅವಕಾಶ, ಕೊನೆಯ ಭಾಗ ಕತ್ತಲಲ್ಲಿ. ರಾತ್ರಿ ಇನ್ಸುಲಿನ್ ಹಾಕುವ ಹೊತ್ತಿಗೆ ನಾನು ಸೀಟಿನ ಮೇಲೇ ಇರುತ್ತೇನೆ. ಅದನ್ನು ಬೆಳಗ್ಗೆಗೆ ಸರಿಸುವುದೋ, ಇನ್ನಷ್ಟು ಇಳಿಸುವುದೋ ಅಂತ ಡಾಕ್ಟರ ಜೊತೆ ಚೀಟಿ ಓಡಾಡುತ್ತಿದೆ. ಖಾರದ ಅವಲಕ್ಕಿ ಒಂದು ಹಿಡಿಗೆ ಎಷ್ಟು ಗ್ರಾಂ ಅಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟಿದ್ದೇನೆ. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.